ಗಾಜಿನೆಳೆಯ ಕೆಲಸದ ಚಂದ್ರಲೇಖಾ

ಹನ್ನೊಂದು ವರ್ಷ ಚಂದ್ರಲೇಖಾ ವಾರದ ದಿನಗಳಲ್ಲಿ ತಲೆಗೆ ಎಣ್ಣೆ ಹಚ್ಚಿಕೊಳ್ಳಲಿಲ್ಲ. ಭಾನುವಾರ ಬೆಳಿಗ್ಗೆ ಹಚ್ಚಿಕೊಂಡರೆ ಸಂಜೆಯೊಳಗೆ ಸೀಗೆಪುಡಿ ಹಾಕಿ ತೊಳೆದುಬಿಡುತ್ತಿದ್ದಳು. ಬೆರಳಿನಲ್ಲಿ ಒಂದಿಷ್ಟು ಜಿಡ್ಡು ಉಳಿದರೂ ಮಾರನೆಯ ದಿನ ಕಂಪನಿಯಲ್ಲಿ ಅಂಟು ಕೂರುತ್ತಿರಲಿಲ್ಲ. ಅಂಟು ಕೂರದಿದ್ದರೆ ಎಳೆ ಜಾರುತ್ತದೆ, ಎಳೆ ಜಾರಿದ ಮಾಲು ಕಸದ ಬುಟ್ಟಿಗೆ.

"ಮುತ್ತೈದೆ ಹೆಂಗ್ಸು ಒಣಗಿದ ತಲೇಲಿ ತಿರುಗ್ತಾಳೆ. ಅದ್ಯಾವ ಸೀಮೇಗಿಲ್ಲದ ಕೆಲ್ಸವೋ!" ಎಂದು ಗೋವಿಂದಮ್ಮ ಗೊಣಗುತ್ತಿದ್ದಳು.

ಗೋವಿಂದಮ್ಮ ಅವಳಿಗೆ ಅತ್ತೆಯೂ ಹೌದು, ಅಜ್ಜಿಯೂ ಹೌದು. ಚಂದ್ರಲೇಖಾ ಮದುವೆಯಾಗಿದ್ದು ತನ್ನ ತಾಯಿಯ ಕೊನೆಯ ತಮ್ಮ ಜಗನ್‌ನನ್ನೇ. ಚಿಕ್ಕಂದಿನಿಂದ ಮಾವ ಎಂದು ಕರೆದು ಬಾಯಿಗೆ ರೂಢಿಯಾದದ್ದು, ದಿವ್ಯ ಹುಟ್ಟಿ ಹೈಸ್ಕೂಲಿಗೆ ಹೋಗುವ ಹೊತ್ತಿಗೂ ಹಾಗೇ ಉಳಿದಿತ್ತು.

ಅವರ ಊರು ಸಾನಮಾವು ಕಾಡಿನ ಅಂಚಿಗೆ. ಎರಡು ಎಕರೆಯಲ್ಲಿ ರಾಗಿ, ಅವರೆ, ಒಂದಿಷ್ಟು ಟೊಮೆಟೊ. ಆನೆಗಳು ಉಳಿಸಿದ್ದು ಮನೆಗೆ. ಜಗನ್ ಹೊಸೂರಿನ ಒಂದು ಎರಕದ ಕಾರ್ಖಾನೆಯಲ್ಲಿ ಫಿಟ್ಟರ್. ಚಂದ್ರಲೇಖಾ ಹೋಗುತ್ತಿದ್ದುದು ಮೂಕಂಡಪಲ್ಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಂಪನಿಗೆ. ಮೂವತ್ತು ಜನ, ಧೂಳು ಬರದಂತೆ ಮುಚ್ಚಿದ ಬಿಳಿ ಕೋಣೆ, ಗೋಡೆಯುದ್ದಕ್ಕೂ ಮೈಕ್ರೋಸ್ಕೋಪುಗಳು. ಅಲ್ಲಿ ಏನು ಮಾಡುತ್ತೀ ಎಂದು ಊರಲ್ಲಿ ಯಾರಾದರೂ ಕೇಳಿದರೆ ಮೊದಮೊದಲು "ಆಸ್ಪತ್ರೆ ಸಾಮಾನು" ಎಂದು ಹೇಳಿ ಮುಗಿಸುತ್ತಿದ್ದಳು. ಆಮೇಲಾಮೇಲೆ ಬಿಡಿಸಿ ಹೇಳುವುದನ್ನು ಕಲಿತಳು.

ಎಂ.ಆರ್.ಐ. ಸ್ಕ್ಯಾನು ಎನ್ನುವುದು ದೊಡ್ಡದೊಂದು ಅಯಸ್ಕಾಂತದ ಸುರಂಗ. ಅದರ ಹತ್ತಿರ ಕಬ್ಬಿಣದ ಹೇರ್‌ಪಿನ್ನು ಕೂಡ ಒಯ್ಯುವಂತಿಲ್ಲ. ಕರೆಂಟಿನ ತಂತಿ ಹೋದರೆ ಚಿತ್ರ ಕೆಡುತ್ತದೆ. ಆದರೆ ಲಕ್ವ ಹೊಡೆದವನು ಕೈ ಹಿಸುಕಲು ಹೆಣಗುವಾಗ ಅವನ ಮಿದುಳಿನ ಯಾವ ಜಾಗ ಎಚ್ಚರಗೊಳ್ಳುತ್ತದೆ ಎಂದು ಡಾಕ್ಟರಿಗೆ ಕಾಣಬೇಕಾದರೆ, ಅವನು ಸುರಂಗದೊಳಗೆ ಮಲಗಿದ್ದಾಗಲೇ ಆ ಹಿಸುಕಿನ ಬಲವನ್ನು ಅಳೆಯಬೇಕು. ಅದಕ್ಕೆ ಕಂಪನಿಯವರು ಪ್ಲಾಸ್ಟಿಕ್ಕಿನ ಒಂದು ಹಿಡಿ ಮಾಡುತ್ತಿದ್ದರು. ಹಿಡಿಯೊಳಗೆ ಹಲ್ಲುಹಲ್ಲಾದ ಎರಡು ಪಟ್ಟಿ, ಅವುಗಳ ನಡುವೆ ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆ. ಎಳೆಯ ಒಂದು ತುದಿಯಿಂದ ಬೆಳಕು ಬಿಟ್ಟರೆ ಇನ್ನೊಂದು ತುದಿಯಲ್ಲಿ ಬರುತ್ತದೆ. ಹಿಡಿಯನ್ನು ಅಮುಕಿದಾಗ ಹಲ್ಲುಗಳು ಎಳೆಯನ್ನು ಬಳುಕಿಸುತ್ತವೆ, ಬೆಳಕು ಸೋರುತ್ತದೆ, ಆಚೆ ತುದಿಯಲ್ಲಿ ಕಡಿಮೆಯಾಗುತ್ತದೆ. ಎಷ್ಟು ಕಡಿಮೆಯೋ ಕೈಯಲ್ಲಿ ಅಷ್ಟು ಬಲ. ಯಂತ್ರ ಆಚೆ ಕೋಣೆಯಲ್ಲಿ, ರೋಗಿಯ ಕೈಯಲ್ಲಿ ಬರೀ ಪ್ಲಾಸ್ಟಿಕ್ಕು ಮತ್ತು ಗಾಜು.

ಎಳೆಯ ಮೇಲಿನ ಸಿಪ್ಪೆ ಸುಲಿದು, ತುದಿಯನ್ನು ನೇರ ಕತ್ತರಿಸಿ, ಹಲ್ಲುಗಳ ನಡುವೆ ಕೂರಿಸಿ ಅಂಟು ಹಾಕುವುದು ಚಂದ್ರಲೇಖಾಳ ಕೆಲಸ. ಹತ್ತನೇ ಕ್ಲಾಸು ಓದಿದವಳ ಕೈಗೆ ಅದು ಒಲಿಯಿತು. ಬಂದ ಹೊಸತರಲ್ಲಿ ಕಣ್ಣಿಗೆ ಕಾಣದ ಗಾಜಿನ ಮುಳ್ಳು ಬೆರಳಿಗೆ ನೆಟ್ಟು ವಾರಗಟ್ಟಲೆ ಚುಳುಚುಳು ಅನ್ನುತ್ತಿತ್ತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, ಎಳೆ ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬುದು ಅವಳಿಗೆ ಮೈಕ್ರೋಸ್ಕೋಪಿಗಿಂತ ಮೊದಲೇ ಬೆರಳ ತುದಿಗೆ ತಿಳಿಯುತ್ತಿತ್ತು.

ಒಂದು ಸಲ ಕಂಪನಿಗೆ ದೊಡ್ಡ ಗಂಡಾಂತರ ಬಂತು. ಇಲ್ಲಿ ಸರಿಯಾಗಿದ್ದ ಹಿಡಿಗಳು ಆಸ್ಪತ್ರೆಗೆ ಹೋದ ಮೇಲೆ ಸುಳ್ಳು ಹೇಳತೊಡಗಿದವು. ಯಾರೂ ಮುಟ್ಟದೆ ಇದ್ದಾಗಲೂ ಒಂದಿಷ್ಟು ಬಲ ತೋರಿಸುತ್ತಿದ್ದವು. ಹತ್ತರಲ್ಲಿ ನಾಲ್ಕು ವಾಪಸ್ಸು ಬಂದವು. ಸೇಲಂ ಕಡೆಯಿಂದ ಬಂದಿದ್ದ ಇಂಜಿನಿಯರ್ ಹುಡುಗಿ ಶ್ರೀವಿದ್ಯಾ ಎರಡು ತಿಂಗಳು ಲೆಕ್ಕ ಹಾಕಿ ಸೋತು ಕೂತಳು. ಅಂಟನ್ನು ನೇರವಾಗಿ ಓವನ್ನಿಗೆ ಇಡುವುದರಿಂದ ಅದು ಬೇಗ ಬಿಗಿದು ಎಳೆಯನ್ನು ಒಳಗೊಳಗೇ ಜಗ್ಗುತ್ತಿದೆ ಎಂದು ಕಂಡುಹಿಡಿದವಳು ಚಂದ್ರಲೇಖಾ. ಅವಳು ಒಂದು ಟ್ರೇ ಹಿಡಿಗಳನ್ನು ಓವನ್ನಿಗೆ ಹಾಕದೆ ಇಡೀ ದಿನ ಹಾಗೇ ಬಿಟ್ಟು, ಅಂಟು ಮೊಸರಿನಂತೆ ಹೆಪ್ಪುಗಟ್ಟಿದ ಮೇಲೆ ಸಣ್ಣ ಕಾವಿನಲ್ಲಿಟ್ಟಳು. ಆ ಟ್ರೇಯಲ್ಲಿ ಒಂದೂ ಕೆಡಲಿಲ್ಲ. ಶ್ರೀವಿದ್ಯಾ ಅವಳ ಕೈ ಹಿಡಿದು ಕುಣಿದಳು. ಹೊಸ ವಿಧಾನ ಗೋಡೆಯ ಮೇಲೆ ಬಂತು; ಕೆಳಗೆ ಶ್ರೀವಿದ್ಯಾಳ ಹೆಸರು, ಮ್ಯಾನೇಜರ್ ಕುಮಾರೇಶನ ಸಹಿ. ಚಂದ್ರಲೇಖಾ ಅದನ್ನು ದೊಡ್ಡದು ಮಾಡಲಿಲ್ಲ. ಮನೆಯಲ್ಲಿ ಜಗನ್‌ಗೆ ಹೇಳಿದಾಗ ಅವನೇ ನಕ್ಕ: "ಹೆಸರು ಬರಕೊಂಡ್ರೆ ಬರಕೊಳ್ಲಿ ಬಿಡಮ್ಮಿ. ಕೈ ನಿಂದು ತಾನೆ?"

ಆ ಮಾತಾಡಿದ ಮೂರು ತಿಂಗಳಿಗೆ ಅವನ ಕೈಯೇ ಹೋಯಿತು.

ಅವತ್ತು ಕಾರ್ಖಾನೆಗೆ ರಜೆ. ಟೊಮೆಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದ ಜಗನ್ ದಾರ ಜಾರಿತೆಂದು ಬಗ್ಗಿದ, ಎತ್ತಿಕೊಳ್ಳಲಾಗಲಿಲ್ಲ. ಇನ್ನೊಮ್ಮೆ ಬಗ್ಗಿದವನು ಪಾತಿಯಲ್ಲೇ ಕೂತುಬಿಟ್ಟ. ಚಂದ್ರಲೇಖಾ ಓಡಿ ಬಂದಾಗ ಬಾಯಿ ಒಂದು ಕಡೆಗೆ ಎಳೆದಿತ್ತು, ಮಾತು ತೊದಲುತ್ತಿತ್ತು. ಆಂಬುಲೆನ್ಸು ಬಂದು ಹೊಸೂರು ಮುಟ್ಟಿಸುವಷ್ಟರಲ್ಲಿ ಹೊತ್ತಾಗಿತ್ತು. ನಲವತ್ತೇಳು ವರ್ಷದ ಆಳು. ಮೂರು ತಿಂಗಳಲ್ಲಿ ಮಾತು ತಿರುಗಿತು, ಕಾಲು ಎಳೆದುಕೊಂಡು ನಡೆಯುವಂತಾಯಿತು. ಬಲಗೈ ಮಾತ್ರ ಮುಷ್ಟಿ ಕಟ್ಟಿ ಎದೆಗೆ ಅಂಟಿಕೊಂಡಿತು. ಹೊಸೂರಿನ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುತ್ತಿದ್ದ ಸೆಲ್ವಿ, ಮನೆಯಲ್ಲಿ ದಿನಾ ಇನ್ನೂರು ಸಲ ಸ್ಪಂಜು ಹಿಸುಕಿಸಿ ಎಂದಳು. ಜಗನ್ ಹತ್ತು ಸಲಕ್ಕೇ ಸ್ಪಂಜು ಎಸೆಯುತ್ತಿದ್ದ.

"ಕಲ್ಲಿಗೆ ನೀರು ಹುಯ್ದಂಗೆ ಐತೆ. ಒಂದೂ ಅಲ್ಲಾಡಾಕಿಲ್ಲ. ಯಾತಕ್ಕೆ ಹಿಸುಕ್ಲಿ?"

ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅದೇ ವೇಳೆಗೆ ಒಂದು ಪ್ರಯೋಗ ಶುರುವಾಗಿತ್ತು. ಲಕ್ವ ಹೊಡೆದ ಹದಿನಾರು ಜನರನ್ನು ಸ್ಕ್ಯಾನಿನಲ್ಲಿ ಮಲಗಿಸಿ, ಕೈಗೆ ಚಂದ್ರಲೇಖಾಳ ಕಂಪನಿಯ ಹಿಡಿಯನ್ನೇ ಕೊಟ್ಟು, ಅವರ ಬಲವನ್ನು ಅವರ ಕಣ್ಣೆದುರೇ ಪರದೆಯಲ್ಲಿ ತೋರಿಸಿ, ಮಿದುಳು ನೋಡಿಕೊಂಡು ಒಬ್ಬೊಬ್ಬರಿಗೆ ಒಂದೊಂದು ಬಗೆಯ ವ್ಯಾಯಾಮ ಕೊಡುವುದು. ಕುಮಾರೇಶ್ ತಾನಾಗಿಯೇ ಜಗನ್‌ನ ಹೆಸರು ಹೇಳಿದ. "ನಮ್ಮ ಲೇಖಮ್ಮನ ಮನೆಯೋರು ಅಂದಿದೀನಿ, ಖಂಡಿತ ತಗೋತಾರೆ" ಎಂದ. ಅವತ್ತು ಸಂಜೆ ಬಸ್ಸಿನಲ್ಲಿ ಚಂದ್ರಲೇಖಾ ಯಾರಿಗೂ ಕಾಣದಂತೆ ಕಿಟಕಿಗೆ ಮುಖ ಮಾಡಿ ಅತ್ತಳು. ಹನ್ನೊಂದು ವರ್ಷ ಯಾರ್ಯಾರ ಕೈಗೋ ಮಾಡಿದ್ದು ಈಗ ತನ್ನ ಮಾವನ ಕೈಗೆ ಬರುತ್ತದೆ!

ಅಡ್ಡ ಬಂದದ್ದು ಅರ್ಜಿಯ ಎರಡನೇ ಪುಟ. ದೇಹದೊಳಗೆ ಎಲ್ಲಾದರೂ ಲೋಹ ಇದೆಯೆ?

ಇತ್ತು. ಜಗನ್‌ಗೆ ಹತ್ತೊಂಬತ್ತು ವರ್ಷವಿದ್ದಾಗ ರಾಗಿ ಹೊಲಕ್ಕೆ ನುಗ್ಗಿದ ಆನೆ ಹೆದರಿಸಲು ಪಕ್ಕದ ಹೊಲದವನು ನಾಡಬಂದೂಕಿಗೆ ಸೈಕಲ್ಲಿನ ಬೇರಿಂಗ್ ಗೋಲಿ ತುಂಬಿ ಹಾರಿಸಿದ್ದ. ಬಂದೂಕು ಅವನ ಕೈಯಲ್ಲೇ ಸಿಡಿದು ಒಂದು ಗೋಲಿ ಪಕ್ಕದಲ್ಲಿ ನಿಂತಿದ್ದ ಜಗನ್‌ನ ಬಲಗಣ್ಣಿನ ಕೆಳಗೆ ಮೂಳೆಯೊಳಗೆ ಹೊಕ್ಕು ಕೂತಿತ್ತು. ಲೈಸೆನ್ಸಿಲ್ಲದ ಬಂದೂಕು, ಪೋಲೀಸು ಕೇಸು ಆಗುತ್ತದೆಂದು ಯಾರೂ ಬಾಯಿ ಬಿಡಲಿಲ್ಲ. ಕಣ್ಣಿಗೆ ತೊಂದರೆ ಆಗಲಿಲ್ಲ, ಗಾಯ ಮಾಗಿತು, ಕಡಲೆಕಾಳಿನಷ್ಟು ಗಂಟು ಉಳಿಯಿತು. ಮನೆಯವರೆಲ್ಲ ಅದನ್ನು ಮರೆತೇಬಿಟ್ಟಿದ್ದರು. ಚಂದ್ರಲೇಖಾ ಆ ಸಾಲು ಓದುತ್ತಲೇ ಅವನ ಕಣ್ಣಿನ ಕೆಳಗಿನ ಗಂಟನ್ನು ನೋಡಿದಳು.

"ಇಲ್ಲ ಅಂತ ಬರೀ" ಎಂದಳು ಗೋವಿಂದಮ್ಮ. "ಇಪ್ಪತ್ತೆಂಟು ವರ್ಸದಿಂದ ಸುಮ್ಕಿರೋ ಗೋಲಿ ಈಗೇನು ಎದ್ದು ಕುಣೀತದಾ? ನಿನ್ ಗಂಡನ ಕೈ ಬೇಕೋ ಬ್ಯಾಡ್ವೋ?"

"ಅಜ್ಜಿ, ಅದು ಕಬ್ಬಿಣ. ಆ ಮಿಷನ್ನು ಎಳೀತದೆ. ಕಣ್ಣಿನ ಪಕ್ಕದಾಗೆ ಐತೆ. ಕಣ್ಣೇ ಹೋಗ್ಬೋದು."

"ಹೋಗ್ಬೋದು, ಹೋಗ್ದೇನೂ ಇರ್ಬೋದು."

ಜಗನ್ ಅವಳ ಪೆನ್ನನ್ನೇ ನೋಡುತ್ತಿದ್ದ. ಅವನಿಗೂ ಸುಳ್ಳು ಬರೆಯುವುದು ಬೇಕಿದೆ ಎಂದು ಅವಳಿಗೆ ಗೊತ್ತಾಯಿತು. ಅವಳು 'ಇದೆ' ಎಂದು ಬರೆದಳು.

ಬೆಂಗಳೂರಿನ ಡಾಕ್ಟರು ಎಕ್ಸ್‌ರೇ ತೆಗೆಸಿ, ಎರಡು ದಿನ ಯಾರ್ಯಾರನ್ನೋ ಕೇಳಿ, ಆಗುವುದಿಲ್ಲ ಎಂದರು. ಗೋಲಿ ತೆಗೆಯಲು ಹೋದರೆ ಕಣ್ಣಿನ ನರಕ್ಕೇ ಅಪಾಯ. ಹಿಂದಿರುಗುವಾಗ ಬಸ್ಸು ಅತ್ತಿಬೆಲೆ ದಾಟುತ್ತಿದ್ದಂತೆ ಜಗನ್ ಅಂದ: "ನೀನು ಮಾಡಿದ ಹಿಡಿ ಒಳಕ್ಕೆ ಹೋಗ್ಬೋದು. ನಾನು ಹೋಗಂಗಿಲ್ಲ. ಒಳ್ಳೆ ನ್ಯಾಯ."

ಗೋವಿಂದಮ್ಮ ಅವಳೊಡನೆ ಹದಿನೈದು ದಿನ ಮಾತು ಬಿಟ್ಟಳು.

ಕಂಪನಿಯಲ್ಲಿ ಬಳಸಲಾಗದ ಹಿಡಿಗಳನ್ನು ಶನಿವಾರ ಒಡೆದು ಚೀಲಕ್ಕೆ ತುಂಬುವುದು ವಾಡಿಕೆ. ಆ ವಾರದ ಬುಟ್ಟಿಯಲ್ಲಿ ಒಂದು ಹಿಡಿ, ಹಿಂಬದಿಯ ಪ್ಲಾಸ್ಟಿಕ್ಕು ಸೀಳಿದ್ದು, ಒಳಗಿನ ಎಳೆ ಮಾತ್ರ ನೆಟ್ಟಗಿತ್ತು. ಚಂದ್ರಲೇಖಾ ಅದನ್ನು ಕೈಯಲ್ಲಿ ಹಿಡಿದುಕೊಂಡು ಶ್ರೀವಿದ್ಯಾಳ ಮೇಜಿನ ಹತ್ತಿರ ಹೋದಳು.

"ಮೇಡಂ, ಇದನ್ನ ಮನೆಗೆ ತಗೊಂಡೋಗ್ಲಾ? ನಮ್ಮೋರ ಕೈಗೆ."

ಶ್ರೀವಿದ್ಯಾ ಕಂಪ್ಯೂಟರಿನಿಂದ ಕಣ್ಣೆತ್ತಿ, ಹಿಡಿ ನೋಡಿ, ಅವಳ ಮುಖ ನೋಡಿದಳು. "ಉಡೈಕ್ಕಪ್ಪೋರದು ದಾನೇ ಅಕ್ಕಾ, ಎಡುತ್ತುಕ್ಕೋಂಗ" ಎಂದಳು. ಒಡೆದು ಹಾಕುವುದೇ ತಾನೆ, ತೆಗೆದುಕೊಂಡು ಹೋಗಿ. ಅಷ್ಟೇ. ಚೀಟಿ ಬರೆಯಲಿಲ್ಲ, ಬರೆಸಿಕೊಳ್ಳಬೇಕೆಂದು ಇವಳಿಗೂ ಹೊಳೆಯಲಿಲ್ಲ.

ಅಳೆಯುವ ಯಂತ್ರ ಮನೆಗೆ ತರುವಂಥದ್ದಲ್ಲ. ಅದಕ್ಕೆ ಅವಳು ಬೇರೆ ದಾರಿ ಹುಡುಕಿದಳು. ಊರಿನ ವೆಂಕಿ ಇಂಟರ್ನೆಟ್ ಕೇಬಲ್ ಎಳೆಯುವ ಕೆಲಸದವನು. ಕೇಬಲ್ಲಿನೊಳಗೂ ಗಾಜಿನ ಎಳೆಯೇ. ಅದು ಎಲ್ಲಿ ತುಂಡಾಗಿದೆ ಎಂದು ನೋಡಲು ಅವನ ಹತ್ತಿರ ಕೆಂಪು ಬೆಳಕಿನ ಒಂದು ಪೆನ್ನು ಇತ್ತು. ಹಳೆಯದೊಂದನ್ನು ಅವನು ಕೊಟ್ಟ. ಚಂದ್ರಲೇಖಾ ಪೆನ್ನನ್ನು ಹಿಡಿಯ ಎಳೆಗೆ ಸೇರಿಸಿ, ಎಳೆಯ ಇನ್ನೊಂದು ತುದಿಯನ್ನು ರಟ್ಟಿನ ಡಬ್ಬಿಯೊಳಗೆ ಬಿಳಿ ಕಾಗದದ ಎದುರು ನಿಲ್ಲಿಸಿದಳು. ಕಾಗದದ ಮೇಲೆ ಕುಂಕುಮದ ಬೊಟ್ಟಿನಷ್ಟು ಕೆಂಪು ಬೆಳಕು ಬಿತ್ತು.

"ನೀನು ಹಿಸುಕಿದ್ರೆ ಬೊಟ್ಟು ಮಂಕಾಯ್ತದೆ ಮಾವ. ಅದನ್ನೇ ನೋಡ್ಕಂಡು ಹಿಸುಕು."

ಎಡಗೈಯಲ್ಲಿ ಹಿಸುಕಿ ನೋಡಿದ. ಬೊಟ್ಟು ಆರಿಯೇಹೋಯಿತು. ಬಲಗೈಗೆ ಕೊಟ್ಟರೆ ಬೊಟ್ಟು ಹಾಗೇ ಉರಿಯುತ್ತ ನಿಂತಿತು.

ಒಂಬತ್ತು ದಿನ ಹಾಗೇ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅರ್ಧ ಗಂಟೆ, ಸಂಜೆ ಬಂದ ಮೇಲೆ ಅರ್ಧ ಗಂಟೆ. ಹತ್ತನೆಯ ದಿನ ಚಂದ್ರಲೇಖಾ ಉಸಿರು ಹಿಡಿದಳು. "ಆಯ್ತು! ಈಗ ಮಂಕಾಯ್ತು ಮಾವ!"

"ಎಲ್ಲಿ? ನಂಗೆ ಕಾಣಲಿಲ್ಲ."

"ಒಂಚೂರು. ಕೂದಲೆಳೆಯಷ್ಟು. ಹನ್ನೊಂದು ವರ್ಷದಿಂದ ಇದನ್ನೇ ನೋಡ್ತಾ ಇವ್ನಿ, ನಂಗೆ ಗೊತ್ತಾಗಾಕಿಲ್ವಾ?"

ಜಗನ್ ಹಿಡಿಯನ್ನು ಕೆಳಗೆ ಬೀಳಿಸಿದ. "ಸಮಾಧಾನ ಮಾಡಾಕೆ ಸುಳ್ಳು ಹೇಳ್ಬ್ಯಾಡ. ಆವತ್ತು ಅರ್ಜೀಲಿ ಹೇಳ್ಬೇಕಾದಾಗ ಹೇಳ್ಲಿಲ್ಲ. ಈಗ ಹೇಳ್ತೀಯ."

ಆ ಮಾತು ಅವಳಿಗೆ ಚೂರಿ ಹಾಕಿದಂತೆ ತಾಗಿತು. ಅಳಲೂ ಇಲ್ಲ, ಜಗಳವಾಡಲೂ ಇಲ್ಲ. ಹಿಡಿಯನ್ನು ಎತ್ತಿ ಒರೆಸಿ ಮತ್ತೆ ಅವನ ಕೈಗೆ ಕೊಟ್ಟಳು. ದಿನಾ ಕೊಡುತ್ತ ಹೋದಳು. ಮಂಕಾದಾಗ ಮಂಕಾಯಿತೆಂದಳು, ಆಗದಿದ್ದಾಗ ಆಗಲಿಲ್ಲವೆಂದಳು. ಆಗಲಿಲ್ಲ ಎಂದ ದಿನಗಳೇ ಹೆಚ್ಚು. ಆ 'ಆಗಲಿಲ್ಲ'ಗಳನ್ನು ಕೇಳಿ ಕೇಳಿಯೇ ಅವನು ಅವಳ 'ಆಯಿತು'ಗಳನ್ನು ನಿಧಾನಕ್ಕೆ ನಂಬತೊಡಗಿದ.

ಐದನೆಯ ವಾರ, ಒಂದು ಭಾನುವಾರ ಬೆಳಿಗ್ಗೆ, ಅವಳು ಒಲೆಯ ಮುಂದಿದ್ದಳು. ಹಜಾರದಿಂದ ಜಗನ್ ಕೂಗಿದ: "ಲೇ, ಬಾರೇ ಇಲ್ಲಿ! ಬೊಟ್ಟು ಸಣ್ಣದಾಯ್ತದೆ! ನಂಗೇ ಕಾಣ್ತದೆ ಕಣೇ!" ಅವಳು ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಕೆಂಪು ಬೊಟ್ಟು ಮಂಕಾಯಿತು, ಮತ್ತೆ ಉರಿಯಿತು, ಮತ್ತೆ ಮಂಕಾಯಿತು. ಗೋವಿಂದಮ್ಮ ಗೋಡೆ ಹಿಡಿದುಕೊಂಡು ಬಂದು ನೋಡಿ, "ನನ್ನಪ್ಪ, ದೀಪ ಆರಿಸ್ದಂಗೆ ಆರಿಸ್ತಾನಲ್ಲೇ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ದಿವ್ಯ ಅಪ್ಪನ ಬೆನ್ನಿಗೆ ಒರಗಿ ಎಣಿಸುತ್ತ ಕೂತಳು. ಇಪ್ಪತ್ತೆರಡು ಸಲ.

ಆ ತಿಂಗಳು ಮನೆಯಲ್ಲಿ ನಗು ಇತ್ತು. ಜಗನ್‌ನ ಹೆಬ್ಬೆರಳು, ತೋರುಬೆರಳು, ನಡುಬೆರಳು ಹಿಡಿಯಲು ಕಲಿತವು. ಬಿಡುವುದು ಮಾತ್ರ ಇನ್ನೂ ಬಂದಿರಲಿಲ್ಲ. ಹಿಡಿದದ್ದನ್ನು ಎಡಗೈಯಿಂದ ಬಿಡಿಸಬೇಕಿತ್ತು. "ಅದೂ ಬತ್ತದೆ, ಹಿಡಿಯೋದೇ ಮೊದಲು" ಎನ್ನುತ್ತಿದ್ದಳು ಚಂದ್ರಲೇಖಾ.

ಹೊಸೂರಿನ ಆಸ್ಪತ್ರೆಗೆ ತೋರಿಸಲು ಹೋದ ದಿನ ಜಗನ್ ಒಬ್ಬನೇ ಹೋಗುತ್ತೇನೆಂದು ಹಟ ಹಿಡಿದ. ಅವಳಿಗೆ ತಿಳಿಸದೆ ಹಿಡಿಯನ್ನೂ ಡಬ್ಬಿಯನ್ನೂ ಚೀಲದಲ್ಲಿ ಇಟ್ಟುಕೊಂಡ. ಸೆಲ್ವಿ ಅವನ ಕೈ ನೋಡಿ ಬೆರಗಾದಳು. ಹೇಗಾಯಿತು ಎಂದು ಕೇಳಿದಳು. ಅವನು ಮಕ್ಕಳ ಹಾಗೆ ಚೀಲ ಬಿಚ್ಚಿ ತೋರಿಸಿದ: "ನಮ್ಮನೆಯೋಳ ಕೆಲ್ಸ!" ಸೆಲ್ವಿಗೆ ಕಣ್ಣಲ್ಲಿ ನೀರೇ ಬಂತು. ಫೋಟೋ ತೆಗೆದಳು. ಪ್ರಯೋಗಕ್ಕೆ ರೋಗಿಗಳನ್ನು ಕಳಿಸುತ್ತಿದ್ದವಳಾದ್ದರಿಂದ ಡಾಕ್ಟರು, ಕಂಪನಿಯವರು ಎಲ್ಲರೂ ಇದ್ದ ವಾಟ್ಸಪ್ ಗುಂಪಿನಲ್ಲಿ ಅವಳಿದ್ದಳು. ಅಲ್ಲಿಗೆ ಫೋಟೋ ಹಾಕಿ, ಇಂಥ ಹೆಂಡತಿ ಎಲ್ಲರಿಗೂ ಸಿಗಲಿ ಎಂದು ಬರೆದಳು. ಅವಳ ಮನಸ್ಸಿನಲ್ಲಿ ಎಳ್ಳಷ್ಟೂ ಕೆಟ್ಟದ್ದಿರಲಿಲ್ಲ.

ಮಾರನೆಯ ದಿನ ಹತ್ತು ಗಂಟೆಗೆ ಕುಮಾರೇಶ್ ಚಂದ್ರಲೇಖಾಳನ್ನು ಒಳಗೆ ಕರೆದ. ಶ್ರೀವಿದ್ಯಾ ಅದಾಗಲೇ ಅಲ್ಲಿ ಕೂತಿದ್ದಳು. ಫೋನು ಮೇಜಿನ ಮೇಲಿತ್ತು. ಪರದೆಯಲ್ಲಿ ನಗುತ್ತಿರುವ ಜಗನ್.

"ಇದು ನಮ್ಮ ಮಾಲು ತಾನೆ?"

"ಹೌದು ಸಾರ್. ಶನಿವಾರದ ಬುಟ್ಟೀದು."

"ಯಾರನ್ನ ಕೇಳಿ ತಗೊಂಡೋದೆ?"

ಚಂದ್ರಲೇಖಾ ಶ್ರೀವಿದ್ಯಾಳ ಕಡೆ ನೋಡಿದಳು. "ಮೇಡಂನ ಕೇಳಿದ್ದೆ ಸಾರ್."

ಶ್ರೀವಿದ್ಯಾ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಞಾಪಗಂ ಇಲ್ಲೆ ಸಾರ್" ಎಂದಳು. ಜ್ಞಾಪಕ ಇಲ್ಲ. ಕೇಳಿರಲಿಲ್ಲ ಅಂತಲೂ ಅಲ್ಲ, ಕೇಳಿದ್ದರು ಅಂತಲೂ ಅಲ್ಲ.

"ಮೇಡಂ, ನಿಮ್ಮ ಮೇಜಿನ ಹತ್ರ ನಿಂತ್ಕೊಂಡು..."

ಶ್ರೀವಿದ್ಯಾ ಫೋನನ್ನು ಬೋರಲು ಹಾಕಿದಳು.

ಕುಮಾರೇಶ್ ಕೆಟ್ಟವನಲ್ಲ. ದನಿ ತಗ್ಗಿಸಿಯೇ ಹೇಳಿದ: "ನೋಡಮ್ಮ, ಪ್ಲಾಸ್ಟಿಕ್ ತುಂಡು ಹೋಯ್ತು ಅಂತ ನನಗೇನೂ ಇಲ್ಲ. ಆದ್ರೆ ಕೆಟ್ಟದ್ದು ಅಂತ ನಾವೇ ಬರೆದು ಬಿಸಾಕಿದ್ದು ಒಬ್ಬ ಪೇಷೆಂಟ್ ಕೈಲಿ ಇದೆ. ಡಾಕ್ಟರೆಲ್ಲ ನೋಡಿಬಿಟ್ರು. ಮುಂದಿನ ತಿಂಗಳು ಸರ್ಟಿಫಿಕೇಟ್‌ಗೆ ಆಡಿಟ್‌ನೋರು ಬತ್ತಾರೆ. ಯಾರು ಮಾಡಿದ್ದು, ಅವರ ಮೇಲೆ ಏನು ಕ್ರಮ ತಗೊಂಡ್ರಿ ಅಂತ ಕೇಳ್ತಾರೆ. ಮೂವತ್ತು ಜನದ ಅನ್ನ ಇದು. ನೀನಾಗೇ ಬರೆದುಕೊಟ್ರೆ ಕಳ್ಳತನ ಅಂತ ನಾನು ಬರೆಯಲ್ಲ."

ಹಾಳೆ ಮೊದಲೇ ಟೈಪಾಗಿತ್ತು. ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ. ಚಂದ್ರಲೇಖಾ ಅದನ್ನು ಎರಡು ಸಲ ಓದಿದಳು. ಸುಳ್ಳು ಬರೆಯದೆ ಗಂಡನ ಮುನಿಸು ಕಟ್ಟಿಕೊಂಡವಳು ಈಗ ಬೇರೆಯವರು ಬರೆದ ಸುಳ್ಳಿಗೆ ಸಹಿ ಹಾಕಿದಳು.

"ಆ ಪೀಸು ನಾಳೆ ತಂದು ಕೊಟ್ಬಿಡು" ಎಂದ ಕುಮಾರೇಶ್.

ಮನೆಗೆ ಬಂದಾಗ ಜಗನ್ ಜಗಲಿಯ ಮೇಲೆ ಹಿಡಿ ಇಟ್ಟುಕೊಂಡು ಕೂತಿದ್ದ. ಇಷ್ಟು ಬೇಗ ಬಂದೆ ಯಾಕೆ ಎಂದ. ಅವಳು ನಡೆದದ್ದನ್ನು ನಿಂತಲ್ಲೇ ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖ ಇಳಿದುಹೋಯಿತು.

"ನಾನೇ ತೋರಿಸ್ದೆ ಕಣಮ್ಮಿ" ಎಂದ. "ಜಂಬ ಕೊಚ್ಕಂಡೆ. ನನ್ ಹೆಂಡ್ತಿ ಅಂತ ಹೇಳ್ಕಂಡೆ. ನಿನ್ ಬಾಯಿಗೆ ನಾನೇ ಮಣ್ಣು ಹಾಕ್ಬುಟ್ಟೆ."

"ನಿನ್ನದೇನೂ ತಪ್ಪಿಲ್ಲ ಮಾವ. ಕೊಡು ಅದನ್ನ."

ಅವನು ಬಲಗೈ ಚಾಚಿದ. ಕೊಡಬೇಕೆಂದೇ ಚಾಚಿದ. ಆದರೆ ಕೈ ಬಿಡಲಿಲ್ಲ. ಮನಸ್ಸು ಕಲಕಿದಷ್ಟೂ ಬೆರಳುಗಳು ಇನ್ನೂ ಬಿಗಿದವು. ಲಕ್ವದ ಕೈಯ ರೀತಿಯೇ ಹಾಗೆ. ಅವನ ಹಣೆಯಲ್ಲಿ ಬೆವರೊಡೆಯಿತು. "ಬಿಡಾಕಾಗ್ತಿಲ್ಲ ಕಣೇ, ಆಗ್ತಿಲ್ಲ" ಎಂದ. ಚಂದ್ರಲೇಖಾ ಅವನ ಮುಂದೆ ಕೂತು, ಗಾಜಿನ ಎಳೆ ಬಿಡಿಸುವಷ್ಟೇ ಮೆಲ್ಲಗೆ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಡಿಯನ್ನು ತೆಗೆದುಕೊಂಡಳು. ತಾನೇ ಕಲಿಸಿದ ಬಿಗಿತವನ್ನು ತಾನೇ ಬಿಡಿಸಬೇಕಾಯಿತು.

ಅವಳಿಗೆ ಬೇರೆ ಇಂಥ ಕೆಲಸ ಎಲ್ಲೂ ಸಿಗಲಿಲ್ಲ. ಗಾಜಿನ ಎಳೆಯ ಕೆಲಸ ಸುತ್ತಮುತ್ತ ಬೇರೆ ಯಾರಿಗೂ ಬೇಕಿರಲಿಲ್ಲ. ಕೊನೆಗೆ ಕೆಲಮಂಗಲದ ಕಡೆಯ ಒಂದು ಗುಲಾಬಿ ತೋಟದ ಶೆಡ್ಡಿಗೆ ಸೇರಿದಳು. ದಂಟಿನ ಉದ್ದ ನೋಡಿ ಹೂ ಬೇರ್ಪಡಿಸುವುದು, ಕೆಳಗಿನ ಎಲೆ ಮುಳ್ಳು ಸವರುವುದು, ಇಪ್ಪತ್ತಕ್ಕೊಂದು ಕಟ್ಟು ಕಟ್ಟುವುದು. ಕೈಗವಸು ಕೊಡುತ್ತಿದ್ದರು, ಒಂದು ವಾರಕ್ಕೆ ಹರಿಯುತ್ತಿತ್ತು. ನಾಲ್ಕು ತಿಂಗಳಲ್ಲಿ ಬೆರಳ ತುದಿ ದಡ್ಡುಗಟ್ಟಿತು. ಈಗ ತಲೆಗೆ ದಿನಾ ಎಣ್ಣೆ ಹಚ್ಚಬಹುದಿತ್ತು. ಗೋವಿಂದಮ್ಮ ತಾನೇ ಬಟ್ಟಲು ತಂದಿಟ್ಟರೂ ಅವಳು ಮರೆಯುತ್ತಿದ್ದಳು.

ಹಿಡಿ ಹೋದ ಮೇಲೆ ಜಗನ್ ವ್ಯಾಯಾಮ ನಿಲ್ಲಿಸಿದ. ಕೈ ಮತ್ತೆ ಮುಷ್ಟಿಯಾಗತೊಡಗಿತು. ಅವಳು ಒತ್ತಾಯ ಮಾಡಿದರೆ, "ಕಣ್ಣು ಕಟ್ಕೊಂಡು ನಡೀಲಾ?" ಎನ್ನುತ್ತಿದ್ದ.

ಅಂಥ ಒಂದು ದಿನ ಶ್ರೀವಿದ್ಯಾ ಕಂಪನಿಯ ಕಾರಿನಲ್ಲಿ ಊರಿಗೆ ಬಂದಳು. ಜಗಲಿಯಲ್ಲಿ ಕೂರದೆ ನಿಂತೇ ಇದ್ದಳು. ಅರ್ಧ ತಮಿಳು, ಅರ್ಧ ಕನ್ನಡ. ಹೊಸ ಹುಡುಗಿಯರು ಕೂರಿಸಿದ ಹಿಡಿಗಳು ಮತ್ತೆ ಬಲ ಇಲ್ಲದಲ್ಲಿ ಬಲ ತೋರಿಸುತ್ತಿವೆ, ಕಾಗದದಲ್ಲಿ ಇದ್ದಂತೆಯೇ ಮಾಡಿದರೂ ಆಗುತ್ತಿಲ್ಲ, ನಾಲ್ಕು ದಿನ ಬಂದು ಕಲಿಸಿಕೊಡಬೇಕು ಎಂದಳು. ಕೆಲಸಕ್ಕೆ ವಾಪಸ್ಸು ಅಲ್ಲ; ನಾಲ್ಕು ದಿನಕ್ಕೆ ಮಾತ್ರ.

"ಆವತ್ತು ನಿಮಗೆ ಜ್ಞಾಪಕ ಇತ್ತಾ ಇಲ್ವಾ ಮೇಡಂ?" ಎಂದು ಚಂದ್ರಲೇಖಾ ಕೇಳಿದಳು.

ಶ್ರೀವಿದ್ಯಾಳ ಕಣ್ಣು ತುಂಬಿತು. "ಇತ್ತು ಅಕ್ಕಾ. ನನ್ನನ್ನೂ ಕಳಿಸಿಬಿಡ್ತಿದ್ರು."

"ನನ್ನೊಬ್ಬಳನ್ನ ಕಳಿಸಿದ್ರು. ಸರಿಹೋಯ್ತಲ್ಲ." ಒಳಗೆ ಕೂತಿದ್ದ ಜಗನ್ ಕಡೆ ನೋಡಿ ಮತ್ತೆ ಹೇಳಿದಳು: "ಒಂದು ಹಿಡಿ ಕೊಡ್ರಿ. ಬುಟ್ಟೀದಲ್ಲ, ನೆಟ್ಟಗಿರೋದು. ಬಿಲ್ ಹಾಕಿ, ನಮ್ಮೋರ ಹೆಸರಿಗೆ. ಬತ್ತೀನಿ."

ಶ್ರೀವಿದ್ಯಾ ಅಲ್ಲೇ ಫೋನು ಮಾಡಿದಳು. ಆಸ್ಪತ್ರೆಗಳಿಗಲ್ಲದೆ ಬಿಡಿ ಮನುಷ್ಯರಿಗೆ ಮಾರುವಂತಿಲ್ಲ ಎಂದ ಕುಮಾರೇಶ್. ನಿಯಮ.

ಒಳಗಿನಿಂದ ಜಗನ್ ಕೂಗಿದ: "ಹೋಗ್ಬ್ಯಾಡ ಲೇಖಾ! ಉಗಿದು ಕಳಿಸು ಅವರನ್ನ!"

ಚಂದ್ರಲೇಖಾ ಅಂಗಳದಲ್ಲಿ ಬಹಳ ಹೊತ್ತು ನಿಂತಳು. ಬೆಂಗಳೂರಿನ ಆ ಸುರಂಗದಲ್ಲಿ ಯಾರೋ ಒಬ್ಬ ಮಲಗಿರುತ್ತಾನೆ, ಹಲ್ಲು ಕಚ್ಚಿ ಹಿಸುಕುತ್ತಾನೆ. ಪರದೆಯ ಮೇಲೆ ಬಲ ಬಂದಂತೆ ಕಾಣುತ್ತದೆ, ಬಂದಿರುವುದಿಲ್ಲ. ಅವನು ನಂಬುತ್ತಾನೆ. ಮನೆಗೆ ಹೋಗಿ ಹೆಂಡತಿಗೆ ಹೇಳುತ್ತಾನೆ. ಆಮೇಲೊಂದು ದಿನ ನಿಜ ಗೊತ್ತಾಗುತ್ತದೆ. ಸುಳ್ಳು ಆಸೆ ಕೊಟ್ಟೆ ಎಂಬ ಮಾತು ಎಷ್ಟು ಉರಿಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

"ಸೋಮವಾರ ಬತ್ತೀನಿ" ಎಂದಳು.

ಜಗನ್ ಅವತ್ತು ಊಟ ಮಾಡಲಿಲ್ಲ.

ನಾಲ್ಕು ದಿನ ಅವಳು ಇಬ್ಬರು ಹುಡುಗಿಯರಿಗೆ ಕಲಿಸಿದಳು. ತೊಡಕು ಇದ್ದದ್ದು ಕಾಗದದಲ್ಲಿಲ್ಲದ ಒಂದು ಸಣ್ಣ ವಿಷಯದಲ್ಲಿ. ಎಳೆಯನ್ನು ಹಲ್ಲಿಗೆ ಕೂರಿಸಿದ ಮೇಲೆ ಅವಳು ಒಂದು ಉಸಿರಿನಷ್ಟು ಸಡಿಲ ಬಿಡುತ್ತಿದ್ದಳು. ಹುಡುಗಿಯರು ನೇರವಾಗಿರಲೆಂದು ಎಳೆದು ಬಿಗಿಯುತ್ತಿದ್ದರು. ತೋರಿಸಿಕೊಡಲು ಹೋದಾಗ ಮೊದಲ ದಿನ ಅವಳ ದಡ್ಡುಗಟ್ಟಿದ ಬೆರಳಿಗೆ ಎಳೆ ಇದೆಯೋ ಇಲ್ಲವೋ ಎಂದೇ ತಿಳಿಯಲಿಲ್ಲ. ಎರಡು ಎಳೆ ಮುರಿದಳು. ಹುಡುಗಿಯೊಬ್ಬಳು ಮುಖ ತಿರುಗಿಸಿ ನಕ್ಕಿದ್ದು ಕಂಡಿತು. ಮತ್ತೆ ಆ ಹುಡುಗಿಯ ಬೆರಳನ್ನೇ ತನ್ನ ಕೈಯಲ್ಲಿ ಹಿಡಿದು, "ಇಲ್ಲಿ ನಿಲ್ಲಿಸು. ಇನ್ನ ಎಳೀಬ್ಯಾಡ. ಬಿಡು" ಎಂದು ಹೇಳಿ ಹೇಳಿ ಕಲಿಸಿದಳು. ನಾಲ್ಕನೆಯ ದಿನದ ಟ್ರೇಯಲ್ಲಿ ಒಂದೂ ಕೆಡಲಿಲ್ಲ.

ಸಂಜೆ ಹೊರಡುವಾಗ ಗೇಟಿನಲ್ಲಿ ಸೆಕ್ಯೂರಿಟಿ ದಾಸಪ್ಪ ತಡೆದ. ಪಕ್ಕದೂರಿನವನು, ಜಗನ್‌ಗೆ ಗುರುತಿನವನು. "ಹೊಸ ರೂಲ್ಸು ಕಣಮ್ಮ. ಬ್ಯಾಗು ನೋಡ್ಬೇಕಂತೆ" ಎಂದ, ನೆಲ ನೋಡುತ್ತ.

"ಎಲ್ರದ್ದೂ ನೋಡ್ತೀಯೇನಣ್ಣ?"

ಅವಳ ಮುಂದೆಯೇ ಇಬ್ಬರು ಹುಡುಗಿಯರೂ ಬ್ಯಾಗು ತೂಗಾಡಿಸುತ್ತ ಹೊರಗೆ ಹೋಗಿದ್ದರು. ಚಂದ್ರಲೇಖಾ ಬ್ಯಾಗನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಟಿಫನ್ ಡಬ್ಬಿ, ನೀರಿನ ಬಾಟಲಿ, ಮಡಚಿದ ಸೀರೆಯ ಸೆರಗಿಗೆ ಹಾಕುವ ಎರಡು ಪಿನ್ನು. ಡಬ್ಬಿಯ ಮುಚ್ಚಳ ತಾನೇ ತೆಗೆದು ತೋರಿಸಿದಳು. ಮೂಲೆಯಲ್ಲಿ ಒಣಗಿದ ಮುದ್ದೆಯ ಚೂರು ಅಂಟಿತ್ತು.

"ಸಾಕು ತಾಯಿ, ಹೋಗು" ಎಂದ ದಾಸಪ್ಪ.

ಬಸ್ ಸ್ಟ್ಯಾಂಡಿನವರೆಗೂ ನಡೆದೇ ಹೋದಳು. ಮನೆ ಮುಟ್ಟಿದಾಗ ಜಗನ್ ಒದ್ದೆ ಟವೆಲ್ಲನ್ನು ಬಲಗೈಯಲ್ಲಿ ಇಟ್ಟುಕೊಂಡು ಹಿಂಡಲು ನೋಡುತ್ತಿದ್ದ. ಯಾರು ಹೇಳಿದ್ದೋ, ತಾನೇ ಶುರು ಮಾಡಿದ್ದೋ ಅವಳು ಕೇ​ಳಲಿಲ್ಲ. ಟವೆಲ್ಲಿನಿಂದ ನೀರೇನೋ ಹನಿಯುತ್ತಿತ್ತು. ಅದು ಹಿಂಡಿದ್ದಕ್ಕೋ, ಸುಮ್ಮನೆ ಸುರಿದದ್ದೋ ಹೇಳುವುದು ಕಷ್ಟವಿತ್ತು.

"ಹೆಂಗಮ್ಮಿ, ಬಲ ಜಾಸ್ತಿ ಆಯ್ತಾ?" ಎಂದ.

ಅವಳು ಕೂತು ಅವನ ಕೈಯನ್ನೇ ನೋಡಿದಳು. ತುಂಬ ಹೊತ್ತು ನೋಡಿದಳು.

"ಗೊತ್ತಾಗ್ತಿಲ್ಲ ಮಾವ" ಎಂದಳು.

ಅವನು ತಲೆಯಾಡಿಸಿ ಟವೆಲ್ಲನ್ನು ಮತ್ತೆ ಬಕೆಟ್ಟಿಗೆ ಅದ್ದಿದ. ಶುಕ್ರವಾರ ಬೆಳಿಗ್ಗೆ ಆರರ ಬಸ್ಸಿಗೆ ಅವಳು ಗುಲಾಬಿ ಶೆಡ್ಡಿಗೆ ಹೋದಳು. ನಾಲ್ಕು ದಿನ ಬರದೆ ಇದ್ದದ್ದಕ್ಕೆ ಮೇಸ್ತ್ರಿ ಅವಳನ್ನು ಹೂ ಬೇರ್ಪಡಿಸುವ ಮೇಜಿನಿಂದ ತೆಗೆದು, ಬರೀ ಮುಳ್ಳು ಸವರುವ ಸಾಲಿಗೆ ಹಾಕಿದ್ದ.